ಪಬ್ಬಿನ ಮುಂದೆ ನಿಲ್ಲುವ ಬೈಕು

ಉನಾ ಟ್ರೆಂಬಾತ್ ಅವರು ಹುಟ್ಟಿದಾಗಿನಿಂದ ಒಂದು ತೊಟ್ಟು ಬಿಯರ್ ಕುಡಿದವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಡೆದದ್ದನ್ನು ಅರ್ಧ ಕೇಳಿದವರು ಬೇರೆ ಏನಾದರೂ ತಿಳಿದುಕೊಂಡಾರು. ಅವರ ಅಜ್ಜ, ಮುತ್ತಜ್ಜ ಎಲ್ಲ ಆಸ್ಟ್ರೇಲಿಯಾದ ನಮ್ಮ ಮೂಂಟಾ ಊರಿನ ತಾಮ್ರದ ಗಣಿಯಲ್ಲಿ ದುಡಿದವರು, ಕುಡಿತವನ್ನು ಒಲ್ಲದ ಮೆಥಡಿಸ್ಟ್ ಕ್ರೈಸ್ತ ಪಂಥದವರು. ಆ ಮನೆತನದಲ್ಲಿ ಪಬ್ಬಿನ ಬಾಗಿಲು ಕಂಡರೆ ರಸ್ತೆಯ ಆ ಕಡೆಗೆ ದಾಟಿ ನಡೆಯುವುದು ರೂಢಿ. ಉನಾ ಅವರು ಚರ್ಚಿನಲ್ಲಿ ಪ್ರತಿ ಭಾನುವಾರ ಆರ್ಗನ್ ನುಡಿಸುತ್ತಾರೆ. ವರ್ಷದಲ್ಲಿ ಒಂದು ಭಾನುವಾರ ಮಾತ್ರ ಆರ್ಗನ್ನಿನ ಮುಚ್ಚಳ ತೆರೆಯುವುದಿಲ್ಲ. ಆ ಭಾನುವಾರ ಅವರು ಹಳೆಯ ಮೋಟಾರ್ ಸೈಕಲ್ ಕ್ಲಬ್ಬಿನ ಜೊತೆ ರಸ್ತೆಯ ಮೇಲೆ ಇರುತ್ತಾರೆ.

ಅವರಿಗೆ ಎಪ್ಪತ್ತು ದಾಟಿದೆ. ಕೆಲಸದಲ್ಲಿದ್ದಷ್ಟು ಕಾಲವೂ ಗೋಧಿಯ ರಾಶಿಗೆ ಹೊದಿಸುವ ದೊಡ್ಡ ಟಾರ್ಪಾಲುಗಳನ್ನು ಹೊಲಿದರು. ಬೈಕು ಇಂಗ್ಲೆಂಡಿನದು, ಒಂದೇ ಸಿಲಿಂಡರಿನದು, ಆರು ವೋಲ್ಟಿನದು. ಇಪ್ಪತ್ತರ ಹರೆಯದಲ್ಲಿ, ನಗರಕ್ಕೆ ವರ್ಗವಾಗಿ ಹೊರಟಿದ್ದ ಬ್ಯಾಂಕಿನ ಗುಮಾಸ್ತನೊಬ್ಬನಿಂದ ಕೊಂಡದ್ದು. ಅದರ ಹೆಡ್‌ಲೈಟ್ ಬೆಳಗುವುದಕ್ಕಿಂತ ಹೆಚ್ಚಾಗಿ ಸಂಕೋಚಪಡುತ್ತದೆ. ಆದರೂ ಅವರು ಬೇರೆ ಬೈಕು ಹತ್ತಿದವರಲ್ಲ. ಎಲ್ಲಿ ಇಳಿದರೂ ಒಂದೇ ಕ್ರಮ: ನಡುವಿನ ಸ್ಟ್ಯಾಂಡ್ ಹಾಕುವುದು, ಹ್ಯಾಂಡಲನ್ನು ನೆಟ್ಟಗೆ ಮಾಡುವುದು, ಟ್ಯಾಂಕನ್ನು ಬಟ್ಟೆಯಿಂದ ಒರೆಸುವುದು. ಹಾಸಿಗೆ ಸರಿಮಾಡದೆ ಮನೆ ಬಿಡಬಾರದು, ಹ್ಯಾಂಡಲ್ ಸರಿಮಾಡದೆ ಬೈಕು ಬಿಡಬಾರದು ಎಂದು ಅವರು ಹೇಳುವುದನ್ನು ನಾನೇ ಕೇಳಿದ್ದೇನೆ. ಮುಂದಿನ ಕಷ್ಟವೆಲ್ಲ ಈ ಒಳ್ಳೆಯ ಅಭ್ಯಾಸದಿಂದಲೇ ಬಂತು.

ಕ್ಲಬ್ಬಿನ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮಲ್ಲಿ ಒಬ್ಬರ ಬೈಕನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಯಾರೋ ಒಬ್ಬರು ಉಪಕಾರವೆಂದು ಇನ್ನೊಬ್ಬರ ಕಾರ್ಬ್ಯುರೇಟರ್ ತೊಳೆದುಕೊಟ್ಟು, ಆ ಎರಡು ಮನೆಗಳ ನಡುವೆ ಮಾತೇ ನಿಂತುಹೋದ ಮೇಲೆ ಈ ಕಟ್ಟಳೆ ಬಂತಂತೆ. ಬೈಕು ಕೆಟ್ಟವರು ತಾವೇ ರಿಪೇರಿ ಮಾಡಿಕೊಳ್ಳಬೇಕು. ಉಳಿದವರು ಮಡಚುವ ಕುರ್ಚಿ ಬಿಡಿಸಿ, ಥರ್ಮಾಸಿನಿಂದ ಚಹಾ ಬಗ್ಗಿಸಿಕೊಂಡು, ಸುಮ್ಮನೆ ನೋಡಬೇಕು. ಸಲಹೆ ಕೊಡಬಹುದು. ಸಲಹೆಗೆ ಮಿತಿ ಇಲ್ಲ.

ಎರಡನೆಯದು ಟ್ರೇಲರಿನ ಮಾತು. ಪ್ರಯಾಣದಲ್ಲಿ ಎಲ್ಲರ ಹಿಂದೆ ಡಡ್ಲಿ ಹಾಕಿಂಗ್ ಅವರು ಪಿಕಪ್‌ಗೆ ಟ್ರೇಲರ್ ಕಟ್ಟಿಕೊಂಡು ಬರುತ್ತಾರೆ. ಸರಿಹೋಗದ ಬೈಕು ಅದನ್ನು ಹತ್ತುತ್ತದೆ, ಸವಾರರು ಡಡ್ಲಿಯವರ ಪಕ್ಕದಲ್ಲಿ ಕೂರುತ್ತಾರೆ. ಸತತ ಮೂರು ವರ್ಷ ಟ್ರೇಲರಿನಲ್ಲಿ ಮನೆಗೆ ಬಂದ ಬೈಕನ್ನು ಕ್ಲಬ್ಬು ರಸ್ತೆಯಿಂದ ತೆಗೆದು ಪ್ರದರ್ಶನದ ಸಾಲಿಗೆ ಸೇರಿಸುತ್ತದೆ. ಪರ್ಸ್ ರಾಡಾ ಎಂಬವರಿಗೆ ಹಾಗೆ ಆಯಿತು. ಈಗ ಊರಿನ ಪ್ರತಿ ಜಾತ್ರೆಯಲ್ಲೂ ಅವರ ಬೈಕಿನ ಸುತ್ತ ಹಗ್ಗ ಕಟ್ಟಿರುತ್ತದೆ. ಪಕ್ಕದಲ್ಲಿ ಅವರು ಬೆತ್ತದ ಕುರ್ಚಿ ಹಾಕಿಕೊಂಡು, ಪುಕ್ಕದ ಪೊರಕೆ ಹಿಡಿದು ಕುಳಿತಿರುತ್ತಾರೆ. ಐಸ್‌ಕ್ರೀಮ್ ಹಿಡಿದು ಬಂದವರು ಇದು ಇನ್ನೂ ಓಡುತ್ತದೆಯೇ ಎಂದು ಕೇಳುತ್ತಾರೆ. ಅವರು ಓಡುತ್ತದೆ ಎನ್ನುತ್ತಾರೆ.

ಉನಾ ಅವರ ಬೈಕು ಎರಡು ವರ್ಷದಿಂದ ಟ್ರೇಲರಿನಲ್ಲೇ ಬಂದಿತ್ತು. ಒಮ್ಮೆ ಗೇರ್ ಪೆಟ್ಟಿಗೆ ಮುರಿದು, ಇನ್ನೊಮ್ಮೆ ಕಾರಣವೇ ತಿಳಿಯದೆ. ಇದು ಮೂರನೆಯ ವರ್ಷ. ಹೊರಡುವ ಬೆಳಿಗ್ಗೆ ಡಡ್ಲಿಯವರು ಪಿಕಪ್ಪಿನ ಪಕ್ಕದ ಸೀಟನ್ನು ಒರೆಸಿದ್ದನ್ನು ಎಲ್ಲರೂ ನೋಡಿದರು. ಒರೆಸಿದವರು ಅಲ್ಲಿ ಒಂದು ದಿಂಬನ್ನೂ ಇಟ್ಟರು.

"ಅದು ಯಾರಿಗೆ ಡಡ್ಲಿ?" ಎಂದು ಉನಾ ಕೇಳಿದರು.

"ಯಾರಿಗೂ ಅಲ್ಲ ಕಣೇ. ಸೀಟು ಗಟ್ಟಿ. ಹೋದ ಸಲ ನೀನೇ ಅಂದಿದ್ಯಲ್ಲ."

ಹೋದ ಸಲ ದಾರಿಯುದ್ದಕ್ಕೂ ಡಡ್ಲಿಯವರು ತಮ್ಮ ಪಿತ್ತಕೋಶದ ಆಪರೇಷನ್ ಕಥೆಯನ್ನು ಹೇಳಿದ್ದರಂತೆ. ಕಥೆ ಮುಗಿಯುವ ಮೊದಲೇ ಮನೆ ಬಂದಿತ್ತು.

ನಾವು ಹೋಗಬೇಕಾಗಿದ್ದದ್ದು ಯಾಕಲೂ ಎಂಬ ಊರಿಗೆ. ಮಧ್ಯೆ ದೊಡ್ಡ ಉಪ್ಪಿನ ಕೆರೆ ಇರುವುದರಿಂದ ರಸ್ತೆ ಅದನ್ನು ಸುತ್ತಿಕೊಂಡು ಹೋಗುತ್ತದೆ. ಕೆರೆ ಯಾವಾಗಲೂ ಎಡಗಡೆಗೆ ಇರುತ್ತದೆ. ಶನಿವಾರ ರಾತ್ರಿ ಅಲ್ಲಿನ ಸಭಾಂಗಣದಲ್ಲಿ ಊಟ, ಅಲ್ಲೇ ಮಲಗುವುದು, ಭಾನುವಾರ ಅದೇ ದಾರಿಯಲ್ಲಿ ವಾಪಸು.

ಬುಲ್ಲಾರೂವರೆಗೆ ಬೈಕು ಹಾಡಿಕೊಂಡು ಹೋಯಿತು. ಬುಲ್ಲಾರೂ ಚಿಕ್ಕ ಊರು: ಗೋಧಿ ತುಂಬುವ ಎತ್ತರದ ಕಣಜ, ನಾಲ್ಕು ರಸ್ತೆ ಕೂಡುವ ಕಡೆ ಒಂದು ಪಬ್ಬು, ಅಷ್ಟೇ. ಪಬ್ಬಿನ ಮೂಲೆಯಲ್ಲಿ ತಿರುಗುತ್ತಿದ್ದ ಹಾಗೆ ಉನಾ ಅವರ ಬೈಕಿನ ಉಸಿರು ನಿಂತಿತು. ಎಂಜಿನ್ ಇಲ್ಲ, ಹಾರ್ನ್ ಇಲ್ಲ, ದೀಪ ಇಲ್ಲ. ಉರುಳಿಕೊಂಡು ಬಂದು ಪಬ್ಬಿನ ಜಗಲಿಗೆ ಸರಿಯಾಗಿ ನಿಂತಿತು.

ಅವರು ಇಳಿದು ಸ್ಟ್ಯಾಂಡ್ ಹಾಕಿದರು. ಹ್ಯಾಂಡಲ್ ನೆಟ್ಟಗೆ ಮಾಡಿದರು. ಟ್ಯಾಂಕ್ ಒರೆಸಿದರು. ಹಳೆಯ ಬಲ್ಬೊಂದಕ್ಕೆ ಎರಡು ವೈರು ಸೇರಿಸಿ ತಾವೇ ಮಾಡಿಕೊಂಡ ಪರೀಕ್ಷೆಯ ದೀಪವನ್ನು ಚೀಲದಿಂದ ತೆಗೆದು ಬ್ಯಾಟರಿಗೆ ಹಿಡಿದರು. ಬಲ್ಬು ಉರಿಯಿತು. ಫ್ಯೂಸಿಗೆ ಹಿಡಿದರು, ಉರಿಯಿತು. ಹೀಗೆ ಬ್ಯಾಟರಿಯಿಂದ ಶುರುಮಾಡಿ ಪ್ಲಗ್ಗಿನ ತನಕ ಒಂದೊಂದೇ ಜಾಗಕ್ಕೆ ಹಿಡಿಯುತ್ತಾ ಹೋದರು. ಎಲ್ಲ ಕಡೆಯೂ ಕರೆಂಟು ಇತ್ತು. ಬ್ಯಾಟರಿಯ ತುದಿಗಳನ್ನು ಉಜ್ಜಿ, ಕಿಕ್ ಹೊಡೆದರು. ಮೊದಲ ಕಿಕ್ಕಿಗೇ ಹಿಡಿಯಿತು.

ಬ್ಯಾಟರಿಯ ತುದಿಯಲ್ಲಿ ಕಿಲುಬು ಇತ್ತು ಎಂದು ಅವರು ಹೇಳಿದರು. ನಾವು ನಂಬಿ ಕುರ್ಚಿ ಮಡಚಿದೆವು.

ಮುಂದಿನ ಊರು ಟಿಕ್ಕೇರಾ. ಅಲ್ಲಿಯೂ ರಸ್ತೆ ತಿರುಗುವ ಮೂಲೆಯಲ್ಲಿ ಪಬ್ಬು. ಅಲ್ಲಿಯೂ ಬೈಕು ಅದರ ಎದುರಿಗೇ ನಿಂತಿತು. ಈ ಸಲ ಒಳಗಿದ್ದವರು ಗ್ಲಾಸು ಹಿಡಿದುಕೊಂಡು ಜಗಲಿಗೆ ಬಂದು ಸಾಲಾಗಿ ನಿಂತರು. ಉನಾ ಅವರು ಯಾರ ಮುಖವನ್ನೂ ನೋಡದೆ ಸ್ಟ್ಯಾಂಡ್ ಹಾಕಿ, ಹ್ಯಾಂಡಲ್ ನೆಟ್ಟಗೆ ಮಾಡಿ, ಟ್ಯಾಂಕ್ ಒರೆಸಿ ಮತ್ತೆ ಮೊದಲಿನಿಂದ ಶುರುಮಾಡಿದರು. ಮತ್ತೆ ಎಲ್ಲ ಸರಿಯಾಗಿತ್ತು. ಫ್ಯೂಸ್ ಬದಲಾಯಿಸಿದರು. ಬೈಕು ಒಂದೇ ಕಿಕ್ಕಿಗೆ ಹಿಡಿಯಿತು. ಅಷ್ಟರಲ್ಲಿ ಡಡ್ಲಿಯವರು ಟ್ರೇಲರಿನ ಹಲಗೆಯನ್ನು ಇಳಿಸಿದ್ದರು. ಕೀಲಿಗೆ ಎಣ್ಣೆ ಬೇಕೇನೋ ಎಂದು ನೋಡಿದೆ ಅಷ್ಟೇ ಎಂದು ಮತ್ತೆ ಎತ್ತಿದರು.

ಇನ್ನು ಸಲಹೆಗಳ ಸರದಿ. ಕ್ಲೆಮ್ ನ್ಯಾನ್‌ಕಿವೆಲ್ ಅವರು ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಬಿಸಿಯಾಗುತ್ತಿದೆ ಎಂದರು. ಬಿಸಿಯಾದರೆ ಊರುಗಳ ನಡುವಿನ ದಾರಿಯಲ್ಲಿ ಏಕೆ ನಿಲ್ಲುವುದಿಲ್ಲ ಎಂದು ಕೇಳಿದರೆ ಅದಕ್ಕೂ ಒಂದು ಕಾರಣ ಕೊಟ್ಟರು, ಅದು ಈಗ ನೆನಪಿಲ್ಲ. ಬರ್ನೀಸ್ ಓಟ್ಸ್ ಅವರು ಮಾತ್ರ ಒಮ್ಮೆ ಪಬ್ಬನ್ನೂ ಒಮ್ಮೆ ಬೈಕನ್ನೂ ನೋಡುತ್ತಿದ್ದರು. ಅವರು ಮೊದಲು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ಏನನ್ನೂ ಯೋಚಿಸದೆ ಹೇಳುವವರಲ್ಲ.

"ಉನಾ, ಬೇಜಾರು ಮಾಡ್ಕೋಬೇಡ," ಎಂದರು ಬರ್ನೀಸ್. "ನಾನು ಕಂಡಿದ್ದನ್ನ ಹೇಳ್ತೀನಿ. ನಿನ್ನ ಬೈಕು ಪಬ್ಬಿನ ಮುಂದೆ ಮಾತ್ರ ನಿಲ್ಲುತ್ತೆ."

ಯಾರೂ ನಗಲಿಲ್ಲ. ನಗುವಂಥ ಮಾತಾಗಿ ಅದು ಕೇಳಿಸಲಿಲ್ಲ. ಕಂಡದ್ದು ನಿಜವೇ ಆಗಿತ್ತು.

"ನೀನು ಕುಡಿಯಲ್ಲ. ಅದಕ್ಕೂ ಕುಡಿಯೋಕೆ ಬಿಡಲಿಲ್ಲ. ಎಷ್ಟು ವರ್ಷ ಅಂತ ತಡ್ಕೊಳುತ್ತೆ ಪಾಪ," ಎಂದರು ಡಡ್ಲಿ.

ಉನಾ ಅವರ ಕಿವಿ ಕೆಂಪಾಯಿತು. ಅವರು ಲೆಕ್ಕದ ಮನುಷ್ಯೆ. ನಂಬಿಕೆ ಬರಲಿ ಬಿಡಲಿ, ಎರಡು ಸಲ ನಡೆದದ್ದನ್ನು ಪರೀಕ್ಷಿಸದೆ ಬಿಡುವವರಲ್ಲ. ಹಾಗಾದರೆ ಪಬ್ಬೇ ಇಲ್ಲದ ದಾರಿ ಹಿಡಿಯೋಣ, ಆಗ ಗೊತ್ತಾಗುತ್ತದೆ ಎಂದರು. ಆಸ್ಟ್ರೇಲಿಯಾದ ಗೋಧಿ ಸೀಮೆಯಲ್ಲಿ ಪಬ್ಬಿಲ್ಲದ ದಾರಿ ಹುಡುಕುವುದು ಸುಲಭವಲ್ಲ. ಮುಂದಿನ ಊರಿನಲ್ಲಿ ಎರಡು ಪಬ್ಬು. ಕ್ಲೆಮ್ ಅವರು ನಕಾಶೆ ಬಿಡಿಸಿ, ಊರನ್ನು ಹೊರಗಿನಿಂದಲೇ ಬಳಸಿಕೊಂಡು ಹೊಲಗಳ ನಡುವೆ ಹೋಗುವ ಮಣ್ಣಿನ ದಾರಿಗಳನ್ನು ಬೆರಳಿನಿಂದ ತೋರಿಸಿದರು. ಹೊಲದ ದಾರಿಗಳು ಅಲ್ಲಿ ಚೌಕಾಬಾರದ ಮನೆಗಳ ಹಾಗೆ, ಅಡ್ಡ ಉದ್ದ ನೇರ ಗೆರೆಗಳು.

ಒಬ್ಬರ ಹಿಂದೆ ಒಬ್ಬರು ಹೊರಟೆವು. ಧೂಳು ಬಹಳ ಇತ್ತು. ಮೇಲೆ ಮೋಡ ಕವಿದು ಮಧ್ಯಾಹ್ನವೇ ಮಂಕಾಗಿತ್ತು. ಮನೆಯಿಲ್ಲ, ಮರವಿಲ್ಲ, ಕುರಿ ಮಾತ್ರ. ಉನಾ ಅವರ ಬೆನ್ನು ಸ್ವಲ್ಪ ಸಡಿಲವಾದದ್ದನ್ನು ಹಿಂದಿನಿಂದ ನೋಡಿದೆ. ಆಮೇಲೆ ಎರಡು ಮಣ್ಣಿನ ದಾರಿ ಕೂಡುವ ಒಂದು ಕಡೆ ತಿರುಗಿದರು. ಬೈಕು ನಿಂತಿತು.

ಅಲ್ಲಿ ಏನೂ ಇರಲಿಲ್ಲ. ಪಾಯದ ಒಂದಿಷ್ಟು ಕಲ್ಲು, ಎರಡು ಮೆಟ್ಟಿಲು, ಮೆಟ್ಟಿಲ ಮೇಲೆ ಗಾಳಿ ತಂದ ಒಣಗಿದ ಎಲೆ. ಉನಾ ಅವರು ಬರ್ನೀಸ್ ಕಡೆ ತಿರುಗಿ, ಇಲ್ಲಿ ಪಬ್ಬು ಎಲ್ಲಿದೆ ತೋರಿಸು ಎಂದರು. ದಿನದಲ್ಲಿ ಮೊದಲ ಸಲ ಅವರ ದನಿಯಲ್ಲಿ ಸಂತೋಷ ಇತ್ತು. ಬೈಕು ಕೆಟ್ಟದ್ದರ ಸಂತೋಷ ಅದು.

ಆ ಹೊತ್ತಿಗೆ ಒಬ್ಬ ರೈತರು ಹಿಂದೆ ನಾಯಿ ಕೂರಿಸಿಕೊಂಡು ತಮ್ಮ ಪಿಕಪ್ಪಿನಲ್ಲಿ ಬಂದು ನಿಲ್ಲಿಸಿದರು. ಏನಾಯಿತು ಎಂದು ಕೇಳಿ, ಬೈಕನ್ನು ನೋಡಿ, ಕಲ್ಲುಗಳನ್ನು ನೋಡಿದರು.

"ಒಳ್ಳೇ ಜಾಗ ನೋಡಿಯೇ ನಿಲ್ಲಿಸಿದ್ದೀರಿ," ಎಂದರು. "ಎತ್ತಿನ ಗಾಡಿ ಕಾಲದಲ್ಲಿ ಇಲ್ಲೊಂದು ಪಬ್ಬಿತ್ತು. ನಮ್ಮಜ್ಜನ ಕಾಲಕ್ಕೆ ಸುಟ್ಟುಹೋಯ್ತು."

ಕ್ಲೆಮ್ ಅವರು ಹೆಲ್ಮೆಟ್ ತೆಗೆದರು. ಏಕೆ ತೆಗೆದರೋ ತಿಳಿಯದು. ಆಮೇಲೆ ಎಲ್ಲರೂ ತೆಗೆದರು. ಬರ್ನೀಸ್ ಕೈಕಟ್ಟಿಕೊಂಡು ಆ ಮೆಟ್ಟಿಲ ಮೇಲೆ ಕುಳಿತರು, ಪಬ್ಬಿನ ಒಳಗೆ ಕಾಲಿಡಲು ಮನಸ್ಸಿಲ್ಲದವರಂತೆ ಕೆಳಗಿನ ಮೆಟ್ಟಿಲಲ್ಲೇ.

ಉನಾ ಅವರು ಸ್ಟ್ಯಾಂಡ್ ಹಾಕಿದರು, ಹ್ಯಾಂಡಲ್ ನೆಟ್ಟಗೆ ಮಾಡಿದರು, ಈ ಸಲ ಒರೆಸುವುದನ್ನು ಮರೆತರು. ಬ್ಯಾಟರಿಯಿಂದ ಪ್ಲಗ್ಗಿನ ತನಕ ಇನ್ನೊಮ್ಮೆ ಹೋದರು. ಹೆಡ್‌ಲೈಟ್ ಹಾಕಿದರು, ಉರಿಯಿತು. ಹಾರ್ನ್ ಒತ್ತಿದರು, ಕುರಿಗಳು ತಲೆಯೆತ್ತಿದವು. ಎಲ್ಲ ಸರಿಯಾಗಿರುವುದೇ ಅವರನ್ನು ಸೋಲಿಸಿತು. ಕೆಟ್ಟಿದ್ದರೆ ಸರಿಮಾಡಬಹುದು, ಕೆಡದೇ ಇರುವುದನ್ನು ಹೇಗೆ ಸರಿಮಾಡುವುದು. ಮತ್ತೆ ಹೊರಟರೆ ಇನ್ನೆಲ್ಲಿ ನಿಲ್ಲುತ್ತದೋ, ತನ್ನೊಬ್ಬಳಿಂದ ಎಲ್ಲರ ದಿನ ಹಾಳಾಗುವುದು ಬೇಡ, ಹಲಗೆ ಇಳಿಸು ಎಂದು ಡಡ್ಲಿಯವರಿಗೆ ಹೇಳಿದರು.

ಡಡ್ಲಿಯವರು ಹಲಗೆ ಇಳಿಸಿದರು. ಈಗ ಅವರಿಗೆ ಅದರಲ್ಲಿ ಸಂತೋಷವಿದ್ದ ಹಾಗೆ ಕಾಣಲಿಲ್ಲ. ಸೀಟಿನ ದಿಂಬನ್ನು ಎತ್ತಿ ಹಿಂದಕ್ಕೆ ಎಸೆದದ್ದನ್ನು ನಾನು ನೋಡಿದೆ. ಕಟ್ಟಳೆಯಂತೆ ಬೈಕನ್ನು ಟ್ರೇಲರಿಗೂ ಅವರವರೇ ಹತ್ತಿಸಬೇಕು. ಉನಾ ಅವರು ಸ್ಟ್ಯಾಂಡ್ ತೆಗೆದು ತಳ್ಳತೊಡಗಿದರು. ಹೆಡ್‌ಲೈಟ್ ಆರಿಸಲು ಅವರಿಗೆ ನೆನಪಾಗಿರಲಿಲ್ಲ. ಆ ಮಂಕು ಬೆಳಕಿನಲ್ಲಿ ಟ್ರೇಲರಿನ ಹಿಂದಿನ ಕೆಂಪು ಗಾಜುಗಳು ಆ ದೀಪ ಬಿದ್ದು ಹೊಳೆಯುತ್ತಿದ್ದವು. ಹಲಗೆಗೆ ಸರಿಯಾಗಿ ಬರಲೆಂದು ಅವರು ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದರು. ಕೆಂಪು ಗಾಜು ಆರಿತು.

ಅವರು ನಿಂತರು. ಹ್ಯಾಂಡಲ್ ನೆಟ್ಟಗೆ ಮಾಡಿದರು. ಗಾಜು ಹೊಳೆಯಿತು. ಬಲಕ್ಕೆ ತಿರುಗಿಸಿದರು, ಹೊಳೆಯುತ್ತಲೇ ಇತ್ತು. ಎಡಕ್ಕೆ ತಿರುಗಿಸಿದರು, ಆರಿತು.

ಅವರು ಹಾಗೆ ಎಷ್ಟು ಸಲ ಮಾಡಿದರೋ. ಎಡ, ನೇರ, ಎಡ, ನೇರ. ನಾವೆಲ್ಲ ಒಂದೊಂದೇ ಹೆಜ್ಜೆ ಹತ್ತಿರ ಬಂದೆವು. ರೈತರ ನಾಯಿಯೂ ಇಳಿದು ಬಂತು.

"ಬರ್ನೀಸ್," ಎಂದರು ಉನಾ, ಹಿಂದಿರುಗಿ ನೋಡದೆ. "ಪಬ್ಬೆಲ್ಲ ಎಡಕ್ಕೆ ತಿರುಗೋ ಮೂಲೆಯಲ್ಲೇ ಇತ್ತು."

ಹೆಡ್‌ಲೈಟಿನ ಗೂಡಿನಲ್ಲಿರುವ ಮುಖ್ಯ ಸ್ವಿಚ್ಚಿಗೆ ಹೋಗುವ ವೈರು ಹ್ಯಾಂಡಲಿನ ಬುಡದಲ್ಲಿ ಒಳಗೊಳಗೇ ತುಂಡಾಗಿತ್ತು. ಮೇಲಿನ ರಬ್ಬರು ಹಾಗೇ ಇತ್ತು. ಎಡಕ್ಕೆ ತಿರುಗಿದರೆ ವೈರು ಎಳೆದು ತಾಮ್ರದ ತುದಿಗಳು ದೂರವಾಗುತ್ತಿದ್ದವು, ನೆಟ್ಟಗಾದರೆ ಕೂಡುತ್ತಿದ್ದವು. ದೊಡ್ಡ ರಸ್ತೆಯ ಸಣ್ಣ ತಿರುವಿಗೆ ಹ್ಯಾಂಡಲ್ ತಿರುಗುವುದೇ ಇಲ್ಲ, ಊರಿನ ಮೂಲೆಗಳಲ್ಲಿ ಮಾತ್ರ ತಿರುಗುತ್ತದೆ. ನಿಂತ ಕೂಡಲೇ ಉನಾ ಅವರು ತಾವಾಗಿಯೇ ಹ್ಯಾಂಡಲ್ ನೆಟ್ಟಗೆ ಮಾಡಿ, ರೋಗವನ್ನು ವಾಸಿಮಾಡಿ, ಆಮೇಲೆ ರೋಗ ಎಲ್ಲಿದೆ ಎಂದು ಹುಡುಕುತ್ತಿದ್ದರು.

ಕ್ಲೆಮ್ ಅವರು ವೈರಿನ ಸುರುಳಿ ತೆಗೆದು, ಟ್ಯಾಂಕ್ ಬಿಚ್ಚಿ ಹೊಸ ವೈರು ಎಳೆಯಲು ಹೇಳಿದರು. ಉನಾ ಅವರು ಆಕಾಶ ನೋಡಿದರು. ಒಳಗಿನ ವೈರುಗಳೆಲ್ಲ ಬಣ್ಣ ಮಾಸಿ ಕಂದಾಗಿವೆ, ಯಾವುದು ಯಾವುದೆಂದು ತಿಳಿಯುವಷ್ಟರಲ್ಲಿ ಕತ್ತಲಾದರೆ ಬಿಚ್ಚಿಟ್ಟ ಬೈಕು ಟ್ರೇಲರನ್ನೇ ಹತ್ತಬೇಕು ಎಂದರು.

"ಮತ್ತೇನು ಮಾಡ್ತೀಯ?" ಎಂದರು ಡಡ್ಲಿ.

"ಎಡಕ್ಕೆ ತಿರುಗಲ್ಲ, ಅಷ್ಟೇ."

ಡಡ್ಲಿಯವರು ಯಾಕಲೂ ಇರುವುದೇ ಎಡಕ್ಕೆ ಎಂದರು. ಉನಾ ಅವರು ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ಚೌಕ ಗೀಚಿದರು. ಎಡಕ್ಕೆ ತಿರುಗಬೇಕಾದ ಕಡೆ ತಿರುಗದೆ ಮುಂದೆ ಹೋಗುವುದು. ಮುಂದಿನ ದಾರಿಯಲ್ಲಿ ಬಲಕ್ಕೆ, ಮತ್ತೆ ಬಲಕ್ಕೆ, ಮತ್ತೊಮ್ಮೆ ಬಲಕ್ಕೆ. ಆಗ ಬಿಟ್ಟ ಮೂಲೆಗೇ ಬಂದು, ಹೋಗಬೇಕಾದ ದಿಕ್ಕಿಗೆ ನೇರವಾಗಿ ಮುಖ ಮಾಡಿರುತ್ತೇವೆ. ಹೊಲದ ಒಂದು ಚೌಕ ಸುತ್ತಿದರೆ ಒಂದು ಎಡ ಸಿಕ್ಕಿತು. ಬರ್ನೀಸ್ ಅದನ್ನು ನೋಡಿ, ಲೆಕ್ಕ ಸರಿಯಾಗಿದೆ ಎಂದರು.

ಅವರೊಬ್ಬರೇ ಸುತ್ತಿ ಬಂದರೆ ಸಾಕಿತ್ತು. ಆದರೆ ಕ್ಲಬ್ಬು ಒಟ್ಟಿಗೆ ಹೋಗಬೇಕು. ಹಾಗಾಗಿ ಎಲ್ಲರೂ ಬಲಕ್ಕೆ ತಿರುಗಿದೆವು, ಮತ್ತೆ ಬಲಕ್ಕೆ, ಮತ್ತೆ ಬಲಕ್ಕೆ. ಕೊನೆಯಲ್ಲಿ ಡಡ್ಲಿಯವರ ಖಾಲಿ ಟ್ರೇಲರು ಗಡಗಡ ಸದ್ದು ಮಾಡುತ್ತಾ ಬಂತು. ಸುಟ್ಟುಹೋದ ಪಬ್ಬಿನ ಮೂಲೆಗೆ ಮರಳಿ ಬಂದಾಗ ರೈತರು ಇನ್ನೂ ಅಲ್ಲೇ ಬೇಲಿ ನೋಡುತ್ತಿದ್ದರು. ಏನಾದರೂ ಮರೆತಿರೇ ಎಂದು ಕೇಳಿದರು. ಇಲ್ಲ, ಎಡಕ್ಕೆ ಹೋಗುತ್ತಿದ್ದೇವೆ ಎಂದು ಕ್ಲೆಮ್ ಕೂಗಿ ಹೇಳಿದರು. ರೈತರು ಹ್ಯಾಟ್ ಸ್ವಲ್ಪ ಎತ್ತಿದರು.

ಯಾಕಲೂ ಸೇರುವವರೆಗೆ ಹಾಗೆ ಎಷ್ಟೋ ಚೌಕ ಸುತ್ತಿದೆವು. ಸಭಾಂಗಣದ ಗೇಟು ರಸ್ತೆಯ ಎಡಕ್ಕಿತ್ತು. ಅಡುಗೆಮನೆಯಲ್ಲಿದ್ದ ಹೆಂಗಸರು ಬೈಕುಗಳ ಸದ್ದು ಕೇಳಿ ಕೈ ಒರೆಸಿಕೊಂಡು ಹೊರಗೆ ಬಂದರು. ನಾವು ಅವರ ಮುಂದೆಯೇ ಸಾಲಾಗಿ ಹೊರಟುಹೋದೆವು. ಅವರು ಎತ್ತಿದ ಕೈ ಹಾಗೇ ಇತ್ತು. ಸ್ವಲ್ಪ ಹೊತ್ತಿಗೆ ಗೇಟಿಗೆ ಎದುರಾದ ಬೀದಿಯಿಂದ ಬಂದು ನೇರವಾಗಿ ಗೇಟಿನೊಳಗೆ ನುಗ್ಗಿದೆವು. ಉನಾ ಅವರೇ ಮೊದಲಿದ್ದರು. ಊಟಕ್ಕೆ ಕುರಿಮಾಂಸದ ರೋಸ್ಟು, ಕುಂಬಳಕಾಯಿ ಇತ್ತು. ಅವರು ಎರಡು ಸಲ ಬಡಿಸಿಕೊಂಡರು.

ಭಾನುವಾರ ಬೆಳಿಗ್ಗೆ ಕ್ಲೆಮ್ ಮತ್ತೆ ವೈರಿನ ಸುರುಳಿ ತಂದರು. ಉನಾ ಅವರು ಬೇಡವೆಂದರು. ಬರುವಾಗ ಕೆರೆ ಎಡಕ್ಕಿದ್ದರೆ ಹೋಗುವಾಗ ಬಲಕ್ಕೆ, ಮೂಲೆಗಳೆಲ್ಲ ಬಲಕ್ಕೆ. ಇದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಟಿಕ್ಕೇರಾದ ಪಬ್ಬಿನವರು ನಮ್ಮ ಸದ್ದಿಗೆ ಹೊರಗೆ ಬಂದು ಕಾದು ನಿಂತರು. ಉನಾ ಅವರು ಅವರ ಮುಂದೆ ಬಲಕ್ಕೆ ತಿರುಗಿ, ವೇಗ ಕಡಿಮೆ ಮಾಡದೆ ಹೊರಟುಹೋದರು. ಬುಲ್ಲಾರೂವಿನಲ್ಲೂ ಹಾಗೆಯೇ.

ಮೂಂಟಾದಲ್ಲಿ ಉಳಿದವರು ತಮ್ಮ ತಮ್ಮ ಮನೆಗೆ ಹೋದರು. ಡಡ್ಲಿಯವರು ಮಾತ್ರ ಉನಾ ಅವರ ಹಿಂದೆಯೇ ಬಂದರು, ಮನೆ ಮುಟ್ಟಿದ್ದನ್ನು ನೋಡುವುದು ಅವರ ಕೆಲಸ. ಅದೇ ಬೀದಿಯವನಾದ್ದರಿಂದ ನಾನೂ ಇದ್ದೆ. ಅವರ ಮನೆಯ ಗೇಟು ಎಡಕ್ಕೆ. ಬೀದಿ ಮುಂದೆ ಸಮುದ್ರಕ್ಕೆ ಮುಗಿಯುತ್ತದೆ, ಸುತ್ತಿ ಬರಲು ಚೌಕವಿಲ್ಲ.

ಉನಾ ಅವರು ಸ್ವಲ್ಪ ವೇಗ ತೆಗೆದುಕೊಂಡು ಎಡಕ್ಕೆ ತಿರುಗಿಸಿದರು. ಎಂಜಿನ್ ಆರಿತು. ಬೈಕು ಉರುಳಿತು, ಗೇಟಿನ ಏರಿನಲ್ಲಿ ನಿಧಾನವಾಯಿತು, ನಿಂತಿತು. ಮುಂದಿನ ಚಕ್ರ ಅಂಗಳದಲ್ಲಿ, ಹಿಂದಿನದು ಬೀದಿಯಲ್ಲಿ.

ಡಡ್ಲಿಯವರು ಇಳಿದು ಬಂದರು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಚಕ್ರಗಳನ್ನು ನೋಡಿದರು.

"ಇದನ್ನ ಮನೆ ಮುಟ್ಟಿದ್ದು ಅಂತ ಬರ್ಕೊಳ್ಳೋದಾ, ಇಲ್ವಾ?"

"ಒಂದು ನಿಮಿಷ ಇರು ಮಾರಾಯ," ಎಂದರು ಉನಾ.

ಅವರು ಹ್ಯಾಂಡಲನ್ನು ನೆಟ್ಟಗೆ ಮಾಡಿದರು. ಮುಂದೆ ನೇರವಾಗಿ ಶೆಡ್ಡು, ಬಾಗಿಲು ತೆರೆದೇ ಇತ್ತು. ಕಿಕ್ ಹೊಡೆದರು, ಹಿಡಿಯಿತು. ಬೈಕು ಏರು ಹತ್ತಿ, ಟೊಮೇಟೊ ಪಾತಿ ದಾಟಿ, ಶೆಡ್ಡಿನ ಒಳಗೆ ಹೋಯಿತು. ಎಂಜಿನ್ ಸ್ವಲ್ಪ ಹೊತ್ತು ಒಳಗೆ ಓಡುತ್ತಲೇ ಇತ್ತು. ಡಡ್ಲಿಯವರು ಬೀದಿಯಲ್ಲೇ ನಿಂತು ಕೇಳುತ್ತಿದ್ದರು. ಆಮೇಲೆ ಸದ್ದು ನಿಂತಿತು. ಈ ಸಲ ಅವರೇ ಆರಿಸಿದ್ದು.